ಪುಕ್ಕಟೆ ಆಟಗಳೂ ನನ್ನ ಕತ್ತರಿಯೂ

ಬಣ್ಣದ ಗುಳ್ಳೆ ಒಡೆಯೋ ಆಟದಿಂದಲೇ ಶುರು ಮಾಡ್ತೀನಿ. ಅದು ಮಕ್ಕಳಾಟ, ಆದರೆ ಮೋಸವಿಲ್ಲ. ಗುರಿ ತಪ್ಪಿದರೆ ತಪ್ಪಿತು ಅಂತ ಮುಖದ ಮೇಲೇ ಹೇಳುತ್ತದೆ. ಹಾವಿನ ಆಟ ನನ್ನಂಥ ಸಿಡುಕನಿಗಲ್ಲ. ತಿಂದು ತಿಂದು ಬೆಳೆದು ಕೊನೆಗೆ ತನ್ನ ಬಾಲಕ್ಕೇ ತಲೆ ಗುದ್ದಿಕೊಂಡು ಸಾಯುತ್ತದೆ. ಕಾರು ನಿಲ್ಲಿಸೋ ಆಟದಲ್ಲಿ ಆಟಕ್ಕಿಂತ ಜಾಹೀರಾತೇ ಜಾಸ್ತಿ. ಹಿಂದೆಯಾಗಿದ್ದರೆ ಅದು ಮುಗಿಯೋಷ್ಟರಲ್ಲಿ ನಾನು ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿದು ಬಿಸಾಕುತ್ತಿದ್ದೆ. ಇನ್ನು ಗೊಂಬೆಗೆ ಬಟ್ಟೆ ತೊಡಿಸೋ ಆಟ. ಅದನ್ನು ಮಾಡಿದವನು ಕೈಗೆ ಸಿಕ್ಕಿದರೆ ಎರಡು ಬಾರಿಸುತ್ತಿದ್ದೆ. ಕೋಟಿಗೆ ಭುಜದ ಹೊಲಿಗೆಯೇ ಇಲ್ಲ ಕಣ್ರೀ! ತೋಳೇನು ಆಕಾಶದಿಂದ ಉದುರಿತಾ?

ನಾನು ದರ್ಜಿ. ಮೂವತ್ತೊಂದು ವರ್ಷ ಕೋಟು ಕತ್ತರಿಸಿದವನು. ಹೋದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳೋಣ ಅಂದರೆ ಬಲಗೈ ನನ್ನ ಮಾತೇ ಕೇಳಲಿಲ್ಲ. ಪಾರ್ಶ್ವವಾಯು ಅಂದರು. ಕಾಲು, ಮಾತು ಎರಡೂ ಮೂರು ತಿಂಗಳಲ್ಲಿ ಸರಿಹೋದವು. ಕೈ ಮಾತ್ರ ಬರಲಿಲ್ಲ.

ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ಬೇರೆ ಕಡೆಗೆ ವರ್ಗವಾಗಿ ಹೋಗುವಾಗ ಹೇಳಿದರು: "ಕಂಪ್ಯೂಟರಲ್ಲಿ ಆಟ ಆಡಿ. ಮೌಸ್ ಮಾತ್ರ ಬಲಗೈಲೇ ಹಿಡೀಬೇಕು. ದಿನಾ ಒಂದು ಗಂಟೆ." ಮಗಳು ತನ್ನ ಹಳೇ ಕಂಪ್ಯೂಟರನ್ನು ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟಳು. ದುಡ್ಡು ಕೊಡಬೇಕಿಲ್ಲ, ಏನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರ್ ತೆರೆದು ಕೂತರಾಯಿತು. ಸಂಜೆ ಕೆಲಸದಿಂದ ಬಂದವಳು ನನ್ನ ಸ್ಕೋರನ್ನು ಗೋಡೆಯ ಹಾಳೆಯಲ್ಲಿ ಬರೆದು, ಫೋಟೊ ತೆಗೆದು ಮೇಡಂಗೆ ಕಳಿಸುತ್ತಿದ್ದಳು.

ಮೊದಲ ತಿಂಗಳು ಗುಳ್ಳೆ ಆಟದಲ್ಲಿ ಮೂವತ್ತು ದಾಟಲಿಲ್ಲ. ಹಾಳೆ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಸುಮ್ಮನೆ ನೋಡೋಣ ಅಂತ ಮೌಸನ್ನು ಎಡಗಡೆಗೆ ಎಳೆದುಕೊಂಡೆ. ತೊಂಬತ್ತು ಬಂತು! ಸಂಜೆ ಮಗಳು ನೋಡಿ "ಅಪ್ಪಾ!" ಅಂತ ಕೂಗಿ ಕುತ್ತಿಗೆಗೆ ಜೋತುಬಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ಆಮೇಲೆ ಎರಡು ತಿಂಗಳು ಹಾವು, ಕಾರು, ಗುಳ್ಳೆ ಎಲ್ಲವನ್ನೂ ಎಡಗೈಯಲ್ಲೇ ಗೆದ್ದೆ. ಹೆಜ್ಜೆ ಸಪ್ಪಳ ಕೇಳಿದರೆ ಮೌಸ್ ಬಲಗಡೆಗೆ. ಥೂ, ನನ್ನ ಜನ್ಮಕ್ಕಿಷ್ಟು.

ಮೋಸ ಮಾಡದೆ ಆಡಿದ್ದು ಇಬ್ಬರು ಆಡೋ ಆಟವೊಂದನ್ನೇ. ಒಂದೇ ಕೀಬೋರ್ಡು, ಎರಡು ಗೊಂಬೆ. ಎಡಗಡೆಯ ಕೀಲಿಗಳು ನನ್ನವು, ಬಲಗಡೆಯವು ಹೆಂಡತಿಯವು. ಒಬ್ಬರು ಹಲಗೆ ಮೇಲೆ ನಿಂತರೆ ಇನ್ನೊಬ್ಬರಿಗೆ ಬಾಗಿಲು ತೆಗೆಯುತ್ತೆ. ನಾನು ಬಾಗಿಲು ದಾಟಿ ಮುಂದೆ ಓಡುತ್ತಿದ್ದೆ, ಅವಳ ಗೊಂಬೆ ಹಲಗೆ ಮೇಲೆ ಹಿಂದೆಯೇ ಉಳಿಯುತ್ತಿತ್ತು. "ನೀವು ಹಿಂಗೆ ಓಡಿದ್ರೆ ನಾನಿಲ್ಲಿ ನಿಂತು ಏನ್ ಮಾಡ್ಲಿ ರೀ?" ಅನ್ನುತ್ತಿದ್ದಳು. ಹಲಗೆ ತುಳಿಯೋಕೆ ಅವಳಿಲ್ಲದೆ ಮುಂದಿನ ಬಾಗಿಲಲ್ಲಿ ನಾನೂ ಸಿಕ್ಕಿಬೀಳುತ್ತಿದ್ದೆ. ದರಿದ್ರ ಆಟ ಅಂತ ಬಿಟ್ಟುಬಿಟ್ಟೆ.

ಅಷ್ಟರಲ್ಲಿ ಎದುರುಮನೆ ಮೇಷ್ಟ್ರು ಬಂದರು. ನನಗೆ ಕಾಯಿಲೆ ಬರುವ ಮೊದಲೇ ಕೋಟಿನ ಬಟ್ಟೆ ಕೊಟ್ಟಿದ್ದವರು. ತಿಂಗಳ ಕೊನೆಗೆ ಅವರ ನಿವೃತ್ತಿ. ಬೇರೆಯವರ ಹತ್ತಿರ ಹೊಲಿಸಿ ಅಂದರೂ ಕೇಳಿರಲಿಲ್ಲ. ಮಗಳು ಹೆಮ್ಮೆಯಿಂದ ಹಾಳೆ ತೋರಿಸಿದಳು. "ಕೈ ಬಂತಲ್ಲಪ್ಪಾ, ಇನ್ನೇನು!" ಅಂತ ಅವರ ಕಣ್ಣು ತುಂಬಿತು. ನಾನು ಮಾತ್ರ ಒಳಗೇ ನಿರ್ಧರಿಸಿದ್ದೆ: ಈ ಕೋಟು ಕತ್ತರಿಸಲಾಗದಿದ್ದರೆ ಅಂಗಡಿಯ ಬಾಗಿಲು ಎಳೆದೆ, ಮತ್ತೆ ತೆರೆಯಲ್ಲ.

ಮೂರು ದಿನ ಕೂತು ಎಡಗೈಯಲ್ಲೇ ಸೀಮೆಸುಣ್ಣದ ಗೆರೆ ಎಳೆದೆ. ಗೆರೆ ಚೆನ್ನಾಗೇ ಬಂತು. ನಾಲ್ಕನೇ ದಿನ ಬಲಗೈ ಬೆರಳುಗಳನ್ನು ಕತ್ತರಿಯ ಹಿಡಿಯೊಳಗೆ ತೂರಿಸಿದೆ. ಕತ್ತರಿ ದಡಕ್ಕನೆ ಮೇಜಿನ ಮೇಲೆ ಬಿತ್ತು. ಎಡಗೈಗೆ ತೆಗೆದುಕೊಂಡೆ. ಬಲಗೈಗೆಂದೇ ಮಾಡಿದ ಕತ್ತರಿ. ಬಟ್ಟೆ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡಿತು. ನನಗೆ ಅಳು ಬಂತು. ಅತ್ತುಬಿಟ್ಟೆ.

ಹೆಂಡತಿ ಮೂಲೆಯಲ್ಲಿ ಕೂತು ಒಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಆ ಸ್ಕೋರೆಲ್ಲ ಸುಳ್ಳು ಕಣೇ," ಅಂದೆ. "ಎಡಗೈಲಿ ಆಡಿದ್ದು."

"ಗೊತ್ತು."

"ಹೆಂಗೆ?"

"ದಿನಾ ಆ ಮೇಜು ಒರೆಸೋಳು ನಾನಲ್ವಾ? ಮೌಸಿನ ಪ್ಯಾಡ್ ಬಲಗಡೆ, ಮೌಸ್ ಉಜ್ಜಿದ ಗುರುತೆಲ್ಲ ಎಡಗಡೆ."

"ಮತ್ತೆ ಯಾಕೆ ಬಾಯಿಬಿಡಲಿಲ್ಲ?"

"ಗೆದ್ದಾಗ ನಗ್ತಿದ್ರಿ. ನೀವು ನಕ್ಕು ಎಷ್ಟು ದಿನ ಆಗಿತ್ತು ಹೇಳಿ."

ನಮ್ಮ ಕಸುಬಿನಲ್ಲಿ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಡೋದಿಲ್ಲ. ಒಬ್ಬರ ಕೈಗೆ ಒಗ್ಗಿದ ಅಲಗು ಇನ್ನೊಬ್ಬರು ಹಿಡಿದರೆ ಕೆಡುತ್ತದೆ ಅಂತಾರೆ. ನನಗೆ ಕಸುಬು ಕಲಿಸಿದವರು ಸಾಯುವವರೆಗೂ ತಮ್ಮದನ್ನು ಮುಟ್ಟಗೊಡಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಪಕ್ಕ ಕೂತು ಗುಂಡಿ, ಕಾಜ ಹೊಲಿದ ಇವಳಿಗೂ ನಾನು ಮುಟ್ಟಗೊಟ್ಟಿರಲಿಲ್ಲ. ಒಮ್ಮೆ ದಾರ ಕತ್ತರಿಸೋಕೆ ಎತ್ತಿಕೊಂಡಳು ಅಂತ ಗಿರಾಕಿಗಳ ಮುಂದೆಯೇ ಬೈದಿದ್ದೆ.

ಕತ್ತರಿಯನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದೆ.

ಅವಳು ಅದನ್ನೇ ನೋಡಿದಳು. "ಅಲಗು ಕೆಡಲ್ವಾ?"

"ಕೆಟ್ಟರೆ ಕೆಡಲಿ. ಬಾ."

ಎದ್ದು ಬಂದಳು. ಕತ್ತರಿ ಹಿಡಿದು ಗೆರೆಯ ತುದಿಗೆ ಅಲಗು ಇಟ್ಟಳು. "ಬಟ್ಟೆ ಜರುಗ್ತಿದೆ ರೀ, ಏನಾದ್ರೂ ಭಾರ ಇಡಿ," ಅಂದಳು.

ಎಡಗೈಯಿಂದ ಬಲಗೈಯನ್ನು ಎತ್ತಿ ಬಟ್ಟೆಯ ಮೇಲಿಟ್ಟೆ. ಬಟ್ಟೆ ಜರುಗೋದು ನಿಂತಿತು.

"ಅವಸರ ಬೇಡ," ಅಂದೆ. "ಭುಜದ ತಿರುವು ಬರುತ್ತೆ. ನಾನು ಹೇಳೋವರೆಗೆ ಅಲ್ಲೇ ನಿಲ್ಲು."

"ನಿಂತೇ ಇದೀನಲ್ಲ ರೀ, ಇಪ್ಪತ್ತೆರಡು ವರ್ಷದಿಂದ," ಅಂದಳು. "ನೀವು ಹೇಳಿ."

ನಾನು ಹೇಳಿದೆ. ಅವಳು ಕತ್ತರಿಸಿದಳು.