ದೂರ ಹೊಂಟೀರೇನು?

ಮನಸ್ಸಿನಲ್ಲಿದ್ದ ಮಾತು ನಾಲಿಗೆಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ, ನನ್ನದು ಯಾವಾಗಲೂ ಇದೇ ಹಣೆಬರಹ. ರವಿವಾರ ಬೆಳಿಗ್ಗೆ ಹೀಗೆಂದು ಬರೆದು, ಲೀಲಾ ಡೈರಿಯನ್ನು ಟ್ರಂಕಿನ ತಳಕ್ಕೆ, ಡಿಗ್ರಿ ಸರ್ಟಿಫಿಕೇಟಿನ ಕೆಳಗೆ ತುರುಕಿದಳು.

ಎಪ್ಪತ್ನಾಲ್ಕರ ಸಂಕ್ರಮಣ ಕಳೆದು ವಾರವಾಗಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಖೋಲಿಯಲ್ಲಿದ್ದ ಗೆಳತಿ ಸಾವಿತ್ರೆವ್ವ ಮರುದಿನ ರಾಮದುರ್ಗಕ್ಕೆ ಶಿಕ್ಷಕಿಯಾಗಿ ಹೊರಡುವವಳಿದ್ದಳು. ಅವಳಿಲ್ಲದ ತಮ್ಮೂರು ಬೈಲಹೊಂಗಲ ಹೇಗಿರುತ್ತದೆಂದು ಲೀಲಾ ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದಳು. ಅವಳೆದುರು ಒಂದು ಸಾಲೂ ಆಡಿರಲಿಲ್ಲ. ಹೀಗೇ ಬಿಟ್ಟರೆ, ಲೀಲಾಗೇನೂ ಅನ್ನಿಸಲೇ ಇಲ್ಲವೆಂದುಕೊಂಡು ಸಾವಿತ್ರಿ ಬಸ್ಸು ಹತ್ತುತ್ತಾಳೆ. ಶುಕ್ರವಾರ ಪೇಟೆಯಲ್ಲಿ ಸಿಕ್ಕಾಗ ಹೇಗೋ ಧೈರ್ಯ ಮಾಡಿ, "ರವಿವಾರ ಸೈಕಲ್ ಮ್ಯಾಲೆ ಹೋಗೋಣೇನು?" ಎಂದಷ್ಟೇ ಕೇಳಿದ್ದಳು. ಸಾವಿತ್ರಿ ಒಂದು ಗಳಿಗೆ ಅವಳ ಮುಖ ನೋಡಿ, "ಆತು, ನಡಿ" ಎಂದಿದ್ದಳು.

ಈಗ ಸಾವಿತ್ರಿ ತನ್ನ ನರ್ಸ್ ಅಕ್ಕನ ಸೈಕಲ್ಲಿನೊಂದಿಗೆ ಅಂಗಳದಲ್ಲಿ ನಿಂತಿದ್ದಳು. ಲೀಲಾಳ ಸೋದರತ್ತೆ ಸುಂದರಾಬಾಯಿ ಬಾಗಿಲಿಗೆ ಬಂದರು.

"ದೂರ ಹೊಂಟೀರೇನವಾ?"

ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳುವ ಪದ್ಧತಿ ಆ ಸೀಮೆಯಲ್ಲೇ ಇಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹೋದ ತಿಂಗಳು ಯಾರೋ ಬಾಯಿತಪ್ಪಿ ಕೇಳಿದ್ದಕ್ಕೆ ರಘೋತ್ತಮ ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಟಿದ್ದರು.

ಸಾವಿತ್ರಿ ಲೀಲಾಳನ್ನು ನೋಡಿದಳು. ಲೀಲಾ ಸಾವಿತ್ರಿಯನ್ನು ನೋಡಿದಳು. ಇಬ್ಬರೂ ಒಟ್ಟಿಗೇ "ಹೂಂ" ಎಂದರು.

ಎರಡೂ ಸೈಕಲ್ಲು ಊರು ದಾಟುತ್ತಲೇ ರಸ್ತೆಯ ಎರಡೂ ಬದಿಗೆ ಎರೆಹೊಲ, ತೆನೆ ತುಂಬಿದ ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ ಪಟ್ಟೆ. ಇಳಿಜಾರಿನಲ್ಲಿ ಪೆಡಲು ತುಳಿಯುವುದನ್ನು ಬಿಟ್ಟರೆ ಕಿವಿಯಲ್ಲಿ ಗಾಳಿ, ಹಿಂದಿನ ಗಾಲಿಯ ಟಕಟಕ ಸದ್ದು, ಅಷ್ಟೇ. ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದ ಲೀಲಾಗೆ ತನ್ನ ಮೈ ಇಷ್ಟು ಹಗುರವೆಂಬುದೇ ಮರೆತುಹೋಗಿತ್ತು. ಸಾವಿತ್ರಿ ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು, "ನೋಡಲೇ ಲೀಲಾ!" ಎಂದು ಕೂಗಿದಳು. ಗೂಡಿಗೆ ಹೊರಟ ಹಕ್ಕಿಯ ಹಾಗೆ ಎಷ್ಟು ನೇರ ಹೊರಟಿದ್ದಾಳಲ್ಲ, ಎಲ್ಲಿಗೋ? ಆ ಯೋಚನೆ ಬಂದದ್ದೇ ಲೀಲಾಳ ಮೈ ಮತ್ತೆ ಭಾರವಾಯಿತು. ಸಾವಿತ್ರಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸೈಕಲ್ ಹೊಡೆಯಲು ಯಾರು ಹೊಸ ಸೀರೆ ಉಡುತ್ತಾರೆ? ಇವಳಿಗೆ ಎಲ್ಲೋ ಹೋಗುವ ಕೆಲಸವೇ ಇರಬೇಕು.

ಎರಡು ದಾರಿ ಕೂಡುವಲ್ಲಿ ಸಾವಿತ್ರಿ ಯಾವ ಕಡೆ ಹೊರಳುತ್ತಾಳೆಂದು ನೋಡಲು ಲೀಲಾ ನಿಧಾನಿಸಿದಳು. ಸಾವಿತ್ರಿಯೂ ನಿಧಾನಿಸಿದಳು. ಅಷ್ಟರಲ್ಲಿ ಹತ್ತಿ ಹೇರಿದ ಚಕ್ಕಡಿಯೊಂದು ಎದುರು ಬಂದದ್ದಕ್ಕೆ ಲೀಲಾ ಗಾಬರಿಯಲ್ಲಿ ಎಡಕ್ಕೆ ಹೊರಳಿದಳು. ಸಾವಿತ್ರಿ ಮರುಮಾತಿಲ್ಲದೆ ಹಿಂದೆಯೇ ಬಂದಳು. ಹಾಗಾದರೆ ದಾರಿ ಇದೇ ಇರಬೇಕು.

ಮುರಗೋಡದಲ್ಲಿ ಮಠದ ಕಟ್ಟೆಯ ಮೇಲೆ ಕೂತು ಸಜ್ಜೆರೊಟ್ಟಿ, ಶೇಂಗಾ ಹಿಂಡಿ ತಿಂದರು. ಮಾತು ಗಂಟಲವರೆಗೆ ಬಂತು. ಸಾವಿತ್ರಿ ಕೈ ತೊಳೆದು, "ಇನ್ನೂ ದೂರ ಐತೇನು?" ಎಂದಳು.

ಇದು ನಿಜಕ್ಕೂ ದಾರಿ ಎಷ್ಟೆಂದು ಕೇಳಿದ್ದೋ, ದಣಿವಾಯಿತೇ ಎಂದು ವಿಚಾರಿಸಿದ್ದೋ? ಲೀಲಾಗೆ ತಿಳಿಯಲಿಲ್ಲ. "ನನಗೇನೂ ದಣಿವಾಗಿಲ್ಲ" ಎಂದಳು.

"ಹಂಗಾರ ನಡಿ" ಎಂದು ಸಾವಿತ್ರಿ ಉಸಿರು ಬಿಟ್ಟಳು.

ಯಾರನ್ನು ನೋಡಲು ಇಷ್ಟು ಅವಸರ? ಯಾವುದೋ ವರನ ಮನೆಯೇ ಇರಬೇಕು. ಒಬ್ಬಳೇ ಹೋದರೆ ಜನ ಆಡಿಕೊಳ್ಳುತ್ತಾರೆಂದು ಜೊತೆಗೆ ಲೀಲಾ. ಬುತ್ತಿಗಂಟಿನ ಹಾಗೆ.

ಬಿಸಿಲು ಇಳಿಯುವ ಹೊತ್ತಿಗೆ ಚಚಡಿ ಎಂಬ ಊರಿನ ವಾಡೆ ಕಂಡಿತು. ರಸ್ತೆಯ ಪಕ್ಕದ ಹೊಲದಲ್ಲಿ ಮುದುಕಿಯೊಬ್ಬಳು ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದಳು. ಹೆಸರು ಬೀರವ್ವ ಎಂದು ಕೇಳದೆಯೇ ಹೇಳಿ, ಇಬ್ಬರಿಗೂ ಬೊಗಸೆ ತುಂಬ ಬಿಸಿ ಸೀತನಿ ಕೊಟ್ಟಳು.

"ಯಾರ ಮನಿಗೆ ಬಂದೀರವ್ವಾ?"

"ಈಕೀನ್ನ ಕೇಳಬೇ, ಕೆಲಸ ಈಕೀದು" ಎಂದಳು ಸಾವಿತ್ರಿ.

"ನಂದಾ?" ಲೀಲಾಳ ಬಾಯಿಯ ಸೀತನಿ ಅಲ್ಲೇ ನಿಂತಿತು. "ನಂದೇನದ? ಕೆಲಸ ನಿಂದಲ್ಲಾ?"

ಬೀರವ್ವ ಇಬ್ಬರನ್ನೂ ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು. "ಎತ್ತು ಹೊಂಟಾವಂತ ಚಕ್ಕಡಿ, ಚಕ್ಕಡಿ ಹೊಂಟೈತಂತ ಎತ್ತು! ಸಾಲಿ ಕಲತೀರಿಲ್ಲೋ?"

"ಬಿ.ಎ. ಕಲತೇವಿ."

"ಅದಕ್ಕ ಮತ್ತ!"

ಸಾವಿತ್ರಿಗೂ ನಗು ಬಂತು. "ಎಲ್ಲಿಗಂತ ಯಾಕ ಕೇಳಲಿಲ್ಲಲೇ ಹುಚ್ಚಿ?"

"ಹೊಂಟವರನ್ನ ಹಂಗ ಕೇಳಬಾರದಂತ..."

"ನಾನೂ ಅದಕ್ಕ ಕೇಳಲಿಲ್ಲ." ನಗುತ್ತಿದ್ದವಳ ಮುಖ ಮೆಲ್ಲಗೆ ಗಂಟಾಯಿತು. "ನಾಳೆ ಮುಂಜಾನಿ ಬಸ್ಸು. ಇನ್ನೂ ಹಾಸಿಗಿ ಕಟ್ಟಿಲ್ಲ, ಅವ್ವ ಒಂದ ಸವನ ಬಯ್ಯಾಕತ್ತಿದ್ಲು. ಲೀಲಾಗ ಏನೋ ಜರೂರ ಕೆಲಸ ಐತಿ, ಒಬ್ಬಾಕಿ ಹೋಗಾಕ ಅಂಜತಾಳ, ಯಾರ ಮನಿಗೋ ಏನೋ ಅಂತ ಹೊಸ ಸೀರಿ ಉಟಗೊಂಡು ಬಂದೇನಿ. ಕೆಲಸಾನ ಇಲ್ಲಂದ್ರ ಯಾಕ ಕರದಿ ನನ್ನ?"

ಸುಮ್ಮನೆ, ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಲೀಲಾ ಎಲ್ಲದಕ್ಕೂ ಅದನ್ನೇ ಅಂದಿದ್ದಳು. ಬೊಗಸೆಯಲ್ಲಿ ಸೀತನಿ ಆರುತ್ತಿತ್ತು. ಸಾವಿತ್ರಿ ಉತ್ತರಕ್ಕೆ ಕಾಯ್ದಳು, ಮತ್ತೂ ಕಾಯ್ದಳು, ಆಮೇಲೆ ಸೆರಗು ಕೊಡವಿ ಎದ್ದು ಹೋಗಿ ಸೈಕಲ್ಲಿನ ಸ್ಟ್ಯಾಂಡು ಒದ್ದಳು.

"ಸಾವಿತ್ರಿ, ನಿಂದರು." ದನಿ ತನ್ನದೇ ಹೌದೋ ಅಲ್ಲವೋ ಎನ್ನುವಷ್ಟು ಜೋರಾಗಿತ್ತು. ಬೀರವ್ವ ಕೂಡ ತೆನೆ ತಿಕ್ಕುವುದನ್ನು ನಿಲ್ಲಿಸಿದಳು. "ನನಗ ಎಲ್ಲಿಗೂ ಹೋಗೂದಿರಲಿಲ್ಲ. ನಾಳೆ ನೀ ಹೋಗ್ತೀ. ಇವತ್ತೊಂದು ದಿನ ಪೂರಾ ನಿನ್ನ ಕೂಡ ಇರಬೇಕಾಗಿತ್ತು."