ಭಟ್ಟಿಯ ಪಕ್ಕದ ಮದ್ದು

ಬೇಕರಿಯವನಿಗೆ ಬೀದಿಯ ಜನ ಬೆನ್ನ ಹಿಂದೆ ಇಟ್ಟ ಹೆಸರು ಮೂಸಣ್ಣ. ಇಟ್ಟವರದ್ದೇನೂ ತಪ್ಪಿಲ್ಲ ಬಿಡಿ. ಹಾಲು ಬಂದರೆ ಮೂಸುತ್ತಿದ್ದ, ಹಿಟ್ಟಿನ ಮೂಟೆ ಬಿಚ್ಚಿದರೆ ಮೂಸುತ್ತಿದ್ದ, ಮೊಟ್ಟೆಗಳನ್ನು ಒಂದೊಂದಾಗಿ ನೀರಿಗೆ ಹಾಕಿ, ತೇಲಿದ್ದನ್ನು ತಂದವನ ಕೈಗೇ ವಾಪಸ್ಸು ಇಡುತ್ತಿದ್ದ. ಮಜ್ಜಿಗೆಯನ್ನೂ ಊದಿ ಕುಡಿಯುವ ಆಸಾಮಿ. "ಮದುವೆಗೆ ಮುಂಚೆ ನನ್ನನ್ನೂ ಮೂಸಿ ನೋಡಿದ್ರೋ ಏನೋ" ಎಂದು ಹೆಂಡತಿ ರೇಗಿಸುತ್ತಿದ್ದಳು.

ಅಂಥವನ ಮನೆಗೆ ಮಗಳು ಒಂದು ನಾಯಿಮರಿ ಎತ್ತಿಕೊಂಡು ಬಂದಳು. ಬಣ್ಣ ನೋಡಿ ರಸ್ಕು ಎಂದು ಕರೆದಳು. ಮೊದಮೊದಲು ಗೊಣಗಿದ ಅಪ್ಪ ಆಮೇಲೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕಾಫಿ ಕುಡಿಯುವಂತಾದ. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಮರಿಗಳು ವಾಂತಿ, ರಕ್ತಭೇದಿಯಾಗಿ ಸಾಯತೊಡಗಿದವು.

"ಅಪ್ಪಾ, ರಸ್ಕುಗೆ ಏನೂ ಆಗಲ್ಲ ತಾನೇ?"

"ನಾನಿಲ್ವಾ?" ಎಂದ ಮೂಸಣ್ಣ.

ನಾಯಿ ಡಾಕ್ಟರಮ್ಮನ ಬಳಿ ಲಸಿಕೆ ಮುಗಿದಿತ್ತು. "ಔಷಧಿ ಅಂಗಡೀಲಿ ತಗೊಂಡು, ನಾಳೆ ಬೆಳಿಗ್ಗೆ ಮರಿ ಜೊತೆ ಬನ್ನಿ, ಚುಚ್ಚಿ ಕೊಡ್ತೀನಿ" ಎಂದರು. ಸುಮ್ಮನೆ ಎದ್ದು ಬರುವವನೇ ಇವನು?

"ಅದರೊಳಗೆ ಏನಿರುತ್ತೆ ಮೇಡಂ?"

"ಅದೇ ರೋಗಾಣು ಕಣ್ರೀ, ಶಕ್ತಿ ಕುಂದಿಸಿರ್ತಾರೆ ಅಷ್ಟೆ. ಜೀವ ಇರುತ್ತೆ, ಜೋಪಾನ."

ಔಷಧಿ ಅಂಗಡಿಯವನು ಪುಟ್ಟ ಸೀಸೆಯನ್ನು ಐಸ್ ತುಂಬಿದ ಚೀಲದಲ್ಲಿಟ್ಟು ಕೊಟ್ಟ. "ಮನೇಲಿ ಫ್ರಿಜ್ಜಲ್ಲಿಡಿ" ಎಂದ. ಮೂಸಣ್ಣನಿಗೆ ಗುಮಾನಿ ಹುಟ್ಟಿದ್ದೇ ಅಲ್ಲಿ. ಐಸಿನಲ್ಲಿ ಹೂತಿಡುವುದು ಯಾವುದನ್ನು? ಹಳಸಿದ ಮೀನನ್ನು! ಜೀವವಿರುವ ಸರಕೆಂದರೆ ಇವನು ಬಲ್ಲದ್ದು ಒಂದೇ, ಈಸ್ಟ್. ಬೆಚ್ಚಗಿಟ್ಟರೆ ಉಬ್ಬಿ ಬರುತ್ತದೆ, ತಣ್ಣಗಾದರೆ ಸತ್ತಂತೆ ಬಿದ್ದಿರುತ್ತದೆ. 'ಸತ್ತ ಮದ್ದನ್ನ ಐಸಲ್ಲಿ ಮುಚ್ಚಿ ನನ್ನ ಕಿವಿ ಮೇಲೆ ಹೂ ಇಡ್ತಿದಾನೆ' ಎಂದುಕೊಂಡ. ತಾರೀಕು ಓದಿದ, ಬೆಳಕಿಗೆ ಹಿಡಿದ, ಮುಚ್ಚಳ ಮೂಸಿದ. ತಪ್ಪು ಸಿಗಲಿಲ್ಲ. ಸಿಗದಿದ್ದಕ್ಕೇ ಅನುಮಾನ ಇನ್ನಷ್ಟು ಬಲಿಯಿತು. ಉಳಿದ ಜೀವವನ್ನಾದರೂ ಕಾಪಾಡೋಣವೆಂದು ಐಸನ್ನು ಮೋರಿಗೆ ಸುರಿದು, ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಭಟ್ಟಿಯ ಪಕ್ಕ ಹಿಟ್ಟು ಹುದುಗು ಬರಲು ಇಡುವ ಗೂಡಿನಲ್ಲಿ ಮಲಗಿಸಿದ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಜೋಪಾನವಾಗಿ ಇಟ್ಟಿದ್ರಾ?" ಎಂದರು ಡಾಕ್ಟರಮ್ಮ.

"ಕೂಸಿನ ಹಾಗೆ!"

ಅವರು ನಂಬಿ ಚುಚ್ಚಿದರು.

ತಿಂಗಳು ತುಂಬುವ ಮೊದಲೇ ರಸ್ಕು ಅನ್ನ ಬಿಟ್ಟಿತು. ಆಮೇಲೆ ವಾಂತಿ, ಆಮೇಲೆ ರಕ್ತ. "ಲಸಿಕೆ ಹಾಕಿದ್ವಲ್ಲಾ!" ಎಂದು ಡಾಕ್ಟರಮ್ಮ ಡ್ರಿಪ್ ಏರಿಸಿದರು. ಮಗಳು ಮರಿಯ ಪಕ್ಕದಿಂದ ಕದಲಲಿಲ್ಲ. ಮೂಸಣ್ಣ ಮಾತ್ರ ಹಲ್ಲು ಕಡಿಯುತ್ತ ಔಷಧಿ ಅಂಗಡಿಗೆ ನುಗ್ಗಿದ.

"ಕಳ್ಳ! ಸತ್ತ ಮದ್ದು ಮಾರ್ತೀಯಾ? ನನಗೆ ಅವತ್ತೇ ಗೊತ್ತಿತ್ತು ಕಣೋ!"

ಅಂಗಡಿಯವನು ಕೂಗಾಡಲಿಲ್ಲ. "ಎದುರುಮನೆ ಟೈಲರ್ ಮರಿಗೂ ಅದೇ ಡಬ್ಬಿಯಿಂದ ಕೊಟ್ಟಿದ್ದು. ಹೋಗಿ ನೋಡಿ, ಅವನ ಚಪ್ಪಲಿ ಕಡೀತಾ ಇದೆ. ನೀವು ಎಲ್ಲಿಟ್ಟಿದ್ರಿ?"

"ಎಲ್ಲಿಡ್ತಾರೆ? ಬೆಚ್ಚಗೆ, ಭಟ್ಟಿ ಪಕ್ಕ, ಈಸ್ಟ್ ಇಟ್ಟ ಹಾಗೆ..."

ಅಂಗಡಿಯವನು ಹಣೆ ಹಿಡಿದುಕೊಂಡ. "ಅಯ್ಯೋ ಮಾರಾಯ್ರೇ! ಅದು ಬಿಸಿಗೇ ಸಾಯೋದು. ಅದಕ್ಕೇ ಅಲ್ವಾ ನಾನು ಐಸಲ್ಲಿಟ್ಟು ಕೊಟ್ಟಿದ್ದು!"

ಮೂಸಣ್ಣನಿಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇವನ ಒಲೆಯೋ, ಬೇಡದ ಹೊತ್ತಿನಲ್ಲೇ ಉರಿದಿತ್ತು.

ಆಸ್ಪತ್ರೆಗೆ ಮರಳುವಷ್ಟರಲ್ಲಿ ಡ್ರಿಪ್ ಬಿಚ್ಚಿದ್ದರು. ಮಗಳ ಮಡಿಲಲ್ಲಿ ರಸ್ಕು ತಣ್ಣಗಾಗಿತ್ತು. ಅತ್ತೂ ಅತ್ತೂ ಬಾತ ಮುಖವೆತ್ತಿ ಅವಳು ಕೇಳಿದಳು, "ಅಂಗಡಿಯವನೇ ಮೋಸ ಮಾಡಿದ್ದು ಅಲ್ವಾ ಅಪ್ಪಾ? ಅವನನ್ನ ಬಿಡಬೇಡ."

ಹೂಂ ಎಂದರೆ ಮುಗಿಯುತ್ತಿತ್ತು. "ಇಲ್ಲ ಪುಟ್ಟಾ. ಅವನು ಒಳ್ಳೇದೇ ಕೊಟ್ಟಿದ್ದ. ಕೆಡಿಸಿದ್ದು ನಾನು" ಎಂದು ಎಲ್ಲವನ್ನೂ ಹೇಳಿಬಿಟ್ಟ.

ಮರುದಿನ ಸಂಜೆ, ಭಟ್ಟಿಯಿಂದ ಆಗಷ್ಟೇ ತೆಗೆದ ಬನ್ನನ್ನು ತಾನೇ ಮುರಿದು, ಬೆಣ್ಣೆ ಸವರಿ, ಮಗಳ ಕೈಗಿಟ್ಟ. ನಿನ್ನೆಯಿಂದ ಅವಳು ಏನೂ ತಿಂದಿರಲಿಲ್ಲ.

ಅವಳು ಬನ್ನನ್ನು ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ತಟ್ಟೆಗೆ ವಾಪಸ್ಸು ಇಟ್ಟಳು.