ಪಾತ್ರೆಯ ತಳ

ಹುಡುಗಿಗೆ 'ವಿಶ್ವಸಂಸ್ಥೆ' ಅಂತ ಹೆಸರಿಟ್ಟವನು ಅವಳ ಸೋದರಮಾವ. ಅವನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಅದಕ್ಕೆ ಒತ್ತಿಕೊಂಡೇ ಅವಳ ಓದುವ ಮೇಜು. ಅವನು ಯಾರದೋ ಪ್ಯಾಂಟಿನ ಸೊಂಟ ಸಡಿಲ ಮಾಡುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು, ಯಾವ ಸಮುದ್ರದಲ್ಲಿ ಗೋಧಿಯ ಹಡಗು ಸಿಕ್ಕಿಹಾಕಿಕೊಂಡಿದೆ, ಯಾವ ದೇಶದಲ್ಲಿ ಬಾವಿ ಬತ್ತಿ ಜನ ಗುಳೆ ಹೊರಟಿದ್ದಾರೆ, ಯಾವ ಸಭೆಯಲ್ಲಿ ಯಾರು ಸಹಿ ಹಾಕದೆ ಎದ್ದು ಹೋದರು ಅಂತ ಒಂದೇ ಸಮನೆ ವರದಿ ಒಪ್ಪಿಸುತ್ತಿದ್ದಳು. ನಮ್ಮ ಬೀದಿಯ ನಲ್ಲಿಯಲ್ಲಿ ವಾರದಿಂದ ನೀರಿಲ್ಲ, ಅದಕ್ಕೂ ಒಂದು ನಿರ್ಣಯ ಪಾಸ್ ಮಾಡಿಸು ಅಂತ ಮಾವ ಕಾಲೆಳೆಯುತ್ತಿದ್ದ. ಎಷ್ಟು ಕಾಲೆಳೆದರೂ ಅವಳೆಂದರೆ ಅವನಿಗೆ ಜೀವ.

ಅವಳ ಆಸೆ ಒಂದೇ. ಕಾಲೇಜು ಮುಗಿಯುತ್ತಲೇ ಹೊರದೇಶಕ್ಕೆ ಹೋಗಿ ಸುಸ್ಥಿರ ಅಭಿವೃದ್ಧಿ ಓದಬೇಕು. ಹಾಗಂದರೇನು ಅಂತ ಅಮ್ಮ ಕೇಳಿದ್ದಳು. ಇರುವುದನ್ನು ಹಾಳು ಮಾಡದೆ, ಮುಂದಿನವರಿಗೂ ಉಳಿಯುವ ಹಾಗೆ ಬದುಕುವುದು ಹೇಗೆ ಅನ್ನುವ ಓದು ಅಂತ ಮಗಳು ಬಿಡಿಸಿ ಹೇಳಿದಳು. ಅದಕ್ಕೂ ಅಷ್ಟು ದೂರ ಹೋಗಿ ಓದಬೇಕಾ ಅಂತ ಅಮ್ಮ ನಕ್ಕುಬಿಟ್ಟಳು. ಆದರೆ ಮಗಳ ಆಸೆ ಅವತ್ತಿನಿಂದ ಅಮ್ಮನ ಆಸೆಯೂ ಆಯಿತು. ಮಗಳಿಗಿಂತ ಒಂದು ಕೈ ಹೆಚ್ಚೇ ಅನ್ನಬೇಕು.

ಅಮ್ಮನಿಗೆ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಒಬ್ಬ ಮನುಷ್ಯ ಒಳಗಿಳಿದು ಕೂರಬಹುದಾದ ಹಂಡೆಗಳು. ಅವುಗಳ ಬಾಯೊಳಗೆ ಸೊಂಟದವರೆಗೆ ಬಗ್ಗಿ ಉಜ್ಜಬೇಕು. ಮಗಳು ಅಲ್ಲಿ ಓದಲು ಸೇರಿದ ದಿನವೇ ಅಮ್ಮ ಒಂದು ಷರತ್ತು ಹಾಕಿದ್ದಳು: ಮುಂದಿನ ಬಾಗಿಲಿಂದ ಬಾ, ಮುಂದಿನ ಬಾಗಿಲಿಂದ ಹೋಗು, ಅಡುಗೆಮನೆಯ ಹಿಂಭಾಗಕ್ಕೆ ಕಾಲಿಡಬೇಡ. ಗೆಳತಿಯರು ನೋಡಿಯಾರು ಅಂತ ಅಮ್ಮನ ಯೋಚನೆ. ಮಗಳು ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಹಾಗೆ ಪಾಲಿಸುವುದರಲ್ಲಿ ಅವಳಿಗೆ ಸ್ವಲ್ಪ ನೆಮ್ಮದಿಯೂ ಇತ್ತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ.

ಸಂಜೆ ಅಮ್ಮ ಬರುವಾಗ ಕೈಯಲ್ಲಿ ಸ್ಟೀಲಿನ ಕ್ಯಾರಿಯರ್ ಇರುತ್ತಿತ್ತು. ಅನ್ನ, ಬೇಳೆ, ಬೇಯಿಸಿದ ತರಕಾರಿ. ಕೆಲವೊಮ್ಮೆ ಅನ್ನಕ್ಕೆ ಸ್ವಲ್ಪ ಸೀದ ವಾಸನೆ. ಮೂವರಿಗೂ ರಾತ್ರಿಯ ಊಟ ಅದೇ. ಸ್ಟಾಫಿಗೆ ಅಂತ ಕೊಡುತ್ತಾರೆ ಅಂತ ಅಮ್ಮ ಹೇಳುತ್ತಿದ್ದಳು. ಹುಡುಗಿ ಚಿಕ್ಕಂದಿನಿಂದ ಆ ಊಟವನ್ನೇ ಉಂಡವಳು, ಅದರ ಬಗ್ಗೆ ಎರಡನೇ ಮಾತು ಕೇಳಿದವಳಲ್ಲ.

ಕೊನೆಯ ವರ್ಷದಲ್ಲಿ ಅವಳ ಪ್ರಾಧ್ಯಾಪಕಿ ಒಂದು ಸ್ಕಾಲರ್‌ಶಿಪ್ಪಿನ ಸುದ್ದಿ ತಂದರು. ಹೊರದೇಶದ ಒಂದು ವಿಶ್ವವಿದ್ಯಾಲಯ ಪೂರ್ತಿ ಖರ್ಚು ಹಾಕಿ ಓದಿಸುತ್ತದೆ. ಆದರೆ ಅವರಿಗೆ ಬರೀ ಮಾತು ಬೇಡ, ನಿಮ್ಮ ಸುತ್ತಮುತ್ತ ಏನಾದರೊಂದು ಬದಲಾಯಿಸಿ ತೋರಿಸಬೇಕು. ಹುಡುಗಿಗೆ ಹೊಳೆದದ್ದು ಹಾಸ್ಟೆಲಿನ ಊಟ. ಊಟದ ಹಾಲಿನ ಮೂಲೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತಳು. ಬಡಿಸಿದ್ದನ್ನೂ ತಟ್ಟೆಯಲ್ಲಿ ಬಿಟ್ಟದ್ದನ್ನೂ ತೂಗಿದಳು, ಉಗ್ರಾಣದಿಂದ ದಿನಕ್ಕೆಷ್ಟು ಅಕ್ಕಿಬೇಳೆ ಇಳಿಯುತ್ತದೆ ಅಂತ ಕೇಳಿ ತಿಳಿದಳು. ಟರ್ಮ್ ಪೂರ್ತಿ ತೂಗಿದ ಮೇಲೆ ಒಂದು ವಿಷಯ ಅವಳ ಕಣ್ಣು ಕುಕ್ಕಿತು. ಹುಡುಗರು ಉಂಡದ್ದು, ಬಕೆಟ್ಟಿಗೆ ಸುರಿದದ್ದು ಎರಡನ್ನೂ ಕೂಡಿಸಿದರೂ ಬೇಯಿಸಿದ ಅಡುಗೆಗೆ ಸರಿಹೋಗುತ್ತಿರಲಿಲ್ಲ. ದಿನಾ ಒಂದಿಷ್ಟು ಎಲ್ಲೋ ಮಾಯವಾಗುತ್ತಿತ್ತು. ಬೇಕಾದ್ದಕ್ಕಿಂತ ಹೆಚ್ಚು ಬೇಯಿಸುತ್ತಿದ್ದಾರೆ, ಆ ಹೆಚ್ಚಿನದು ಪಾತ್ರೆಗಂಟಿ ತೊಳೆದ ನೀರಿನ ಜೊತೆ ಚರಂಡಿ ಪಾಲಾಗುತ್ತಿದೆ ಅಂತ ಅವಳು ತೀರ್ಮಾನಿಸಿದಳು. ಹಿಂದಿನ ಬಾಗಿಲಿಗೆ ಹೋಗಿ ಒಂದು ಸಲ ಇಣುಕಿದ್ದರೆ ಸಾಕಿತ್ತು. ಇಣುಕಲಿಲ್ಲ. ಪಾತ್ರೆ ತೊಳೆಯುವವಳು ಮನೆಯಲ್ಲೇ ಇದ್ದಳು, ಅವಳನ್ನೂ ಕೇಳಲಿಲ್ಲ. ಇಂಥ ತಪ್ಪು ಮಾಡಲು, ಕೇಳದೆ ಉಣ್ಣುವುದನ್ನು ಕಲಿಸಿದ ಅಂಥ ಮನೆಯಲ್ಲೇ ಹುಟ್ಟಿರಬೇಕು.

ಬರೆದು ಮುಗಿಸಿದ್ದನ್ನು ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಒಗೆದ ಬಟ್ಟೆ ಮಡಚುತ್ತ ಕೇಳುತ್ತಿದ್ದವಳು ನಡುವೆ ಎಲ್ಲೋ ಮಡಚುವುದನ್ನು ನಿಲ್ಲಿಸಿದಳು. ಮಾವ ಯಂತ್ರದಿಂದ ತಲೆ ಎತ್ತಿ ಅಕ್ಕನ ಮುಖ ನೋಡಿದ. ಅಮ್ಮ ಅವನಿಗೆ ಕಣ್ಣಲ್ಲೇ ಸುಮ್ಮನಿರು ಅಂದಳು. ಆಮೇಲೆ ಮಗಳನ್ನು ಕೇಳಿದ್ದು ಒಂದೇ ಮಾತು.

"ಇದ್ರಿಂದ ನಿಂಗೆ ಅಲ್ಲಿ ಸೀಟು ಸಿಗತ್ತಾ?"

ಸಿಗಬಹುದು ಅಂದಳು ಮಗಳು. ಹಾಗಾದರೆ ಕೊಡು ಅಂದಳು ಅಮ್ಮ, ಮತ್ತೆ ಬಟ್ಟೆ ಮಡಚತೊಡಗಿದಳು.

ಹಾಸ್ಟೆಲಿನ ಕಂಟ್ರಾಕ್ಟರಿಗೆ ಆ ವರದಿ ಓದಿ ಸಕ್ಕರೆ ತಿಂದಷ್ಟು ಸಂತೋಷವಾಯಿತು. ಮರುವಾರವೇ ಉಗ್ರಾಣಕ್ಕೆ ಬೀಗ ಬಿತ್ತು. ತಲೆ ಎಣಿಸಿ, ತೂಕ ಹಾಕಿ ಅಕ್ಕಿ ಕೊಡುವ ಪದ್ಧತಿ ಬಂತು. ದೊಡ್ಡ ಹಂಡೆಗಳು ಅಟ್ಟ ಸೇರಿದವು. ಪತ್ರಿಕೆಯಲ್ಲಿ ಹುಡುಗಿಯ ಫೋಟೋ ಬಂತು. ಪಕ್ಕದಲ್ಲಿ ಕಂಟ್ರಾಕ್ಟರು, ಮಗುವಿಗೆ ಬಹುಮಾನ ಬಂದ ಅಪ್ಪನ ಹಾಗೆ ಎದೆ ಉಬ್ಬಿಸಿ ನಿಂತಿದ್ದ. ಪ್ರಾಧ್ಯಾಪಕಿ ಹುಡುಗಿಯನ್ನು ತಬ್ಬಿಕೊಂಡರು. ಸ್ವಲ್ಪ ದಿನಕ್ಕೇ ಹೊರದೇಶದಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆಯೂ ಬಂತು.

ಮನೆಯಲ್ಲಿ ಕ್ಯಾರಿಯರ್ ಮೊದಲು ಹಗುರವಾಯಿತು, ಆಮೇಲೆ ಗೂಟದಲ್ಲೇ ನೇತಾಡತೊಡಗಿತು. ಹಾಸ್ಟೆಲ್ ಊಟ ತಿಂದು ತಿಂದು ನಾಲಿಗೆ ಕೆಟ್ಟುಹೋಗಿದೆ, ಇನ್ನು ಮನೆಯಲ್ಲೇ ಮಾಡೋಣ ಅಂತ ಅಮ್ಮ ಹೇಳಿದಳು. ದಿನವಿಡೀ ಬಗ್ಗಿ ಉಜ್ಜಿ ಬಂದವಳು ಸೊಂಟ ಹಿಡಿದುಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದಳು. ಇಬ್ಬರಿಗೂ ಬಡಿಸಿ, ತನಗೆ ಅಲ್ಲೇ ಆಯಿತು ಅನ್ನುತ್ತಿದ್ದಳು. ಮನೆಯಡುಗೆ ಭೂಮಿಗೂ ಒಳ್ಳೆಯದು ಅಂತ ಮಗಳು ತುತ್ತು ನುಂಗುತ್ತ ಹೇಳಿದಳು. ಎಂಥ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ಮಾವ ಅವತ್ತು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ.

ಸಂದರ್ಶನಕ್ಕೆ ಖಾಲಿ ಪಾತ್ರೆಗಳ ಫೋಟೋ ಬೇಕಿತ್ತು. ಅಮ್ಮ ಜ್ವರ ಅಂತ ಮನೆಯಲ್ಲಿ ಮಲಗಿದ್ದ ದಿನ ನೋಡಿಕೊಂಡು ಹುಡುಗಿ ಮೊದಲ ಸಲ ಹಿಂದಿನ ಬಾಗಿಲಿಗೆ ಹೋದಳು. ಒದ್ದೆ ನೆಲ, ಜಿಡ್ಡು ಹಿಡಿದ ಗೋಡೆ, ಒಂದೇ ನಲ್ಲಿ. ಇಬ್ಬರು ಕೂರುವ ಜಾಗದಲ್ಲಿ ಒಂದೇ ಮಣೆ. ಅಮ್ಮನ ಜೊತೆ ಪಾತ್ರೆ ತೊಳೆಯುತ್ತಿದ್ದ ಉದ್ದಕ್ಕ ಎಲ್ಲಿ ಅಂತ ಅವಳು ಅಡುಗೆಯವರೊಬ್ಬರನ್ನು ಕೇಳಿದಳು. ಎಲ್ಲರಿಗಿಂತ ಒಂದು ಗೇಣು ಎತ್ತರ ಅಂತ ಆ ಹೆಂಗಸಿಗೆ ಉದ್ದಕ್ಕ ಅನ್ನುವ ಹೆಸರು. ಆಗೀಗ ಮನೆಗೂ ಬಂದು ಹೋದವಳು.

ಅಡುಗೆಯವರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಪಾತ್ರೆ ಚಿಕ್ಕದಾದ ಮೇಲೆ ಒಬ್ಬರು ಸಾಕು ಅಂತ ಕಂಟ್ರಾಕ್ಟರ್ ಅವಳನ್ನು ಬಿಡಿಸಿದ ಅಂದರು. ಹಾಸಿಗೆ ಹಿಡಿದ ಗಂಡನನ್ನು ಕಟ್ಟಿಕೊಂಡು ಈಗ ಏನು ಮಾಡುತ್ತಾಳೋ ಅಂದರು. ಹುಡುಗಿಯ ಮುಖ ಸಪ್ಪಗಾಯಿತು. ಆದರೂ, ಅಷ್ಟೊಂದು ಅನ್ನ ಚರಂಡಿಗೆ ಹೋಗುತ್ತಿತ್ತಲ್ಲ, ಅದಾದರೂ ನಿಂತಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ಹಾಗೆ ಹೇಳಿದಳು.

ಈಗ ಅವರ ಚಾಕು ನಿಂತಿತು.

"ಚರಂಡಿಗಾ? ಯಾರು ಹೇಳಿದ್ರು ನಿಂಗೆ?" ಅಂದರು. "ಅದು ತಳ ಕಣಮ್ಮ. ತೊಳೆಯೋರ ಪಾಲು. ನೀನು ಬೆಳೆದಿದ್ದೇ ಅದರಲ್ಲಿ. ನಿಮ್ಮಮ್ಮ ಹೇಳ್ಲಿಲ್ವಾ?"

ಆಮೇಲೆ ಅವರು ಎಲ್ಲ ಬಿಡಿಸಿ ಹೇಳಿದರು. ಪಾತ್ರೆ ತೊಳೆಯುವವರಿಗೆ ಸಂಬಳ ಅಷ್ಟಕ್ಕಷ್ಟೇ, ಊಟ ಇಲ್ಲ. ಬದಲಿಗೆ ಯಾರು ಯಾವ ಪಾತ್ರೆ ತೊಳೆಯುತ್ತಾರೋ ಅದರ ತಳ ಅವರದು. ಯಾರೂ ಬರೆದಿಟ್ಟದ್ದಲ್ಲ, ಹಿಂದಿನಿಂದ ನಡೆದುಕೊಂಡು ಬಂದದ್ದು. ಬಡಿಸುವವರು ಸೌಟನ್ನು ತಳದ ತನಕ ಇಳಿಸುತ್ತಿರಲಿಲ್ಲ. ತಳದಲ್ಲಿ ಏನಾದರೂ ಉಳಿಯಲಿ ಅಂತಲೇ ಅಡುಗೆಯವರು ದಿನಾ ಲೆಕ್ಕಕ್ಕಿಂತ ಒಂದು ಅಳತೆ ಹೆಚ್ಚು ಹಾಕುತ್ತಿದ್ದರು. ಅವರ ಬಾಯಲ್ಲಿ ಅದಕ್ಕೆ 'ಪಾತ್ರೆಗೊಂದು' ಅಂತ ಹೆಸರು. ಹುಡುಗಿ ತೂಗಿ ತೂಗಿ ಹುಡುಕಿ ತೆಗೆದ ನಷ್ಟ ಅದೇ ಆಗಿತ್ತು.

ಎಲ್ಲೋ ಹಸಿದವರ ಲೆಕ್ಕ ಬಾಯಿಪಾಠ ಇಟ್ಟುಕೊಂಡವಳು ತನ್ನ ಅಮ್ಮನ ತುತ್ತನ್ನೇ ತಕ್ಕಡಿಗಿಟ್ಟು ಕಿತ್ತುಕೊಂಡಿದ್ದಳು. ಅಡುಗೆಯವರು ಒಳ್ಳೆಯ ಮನುಷ್ಯ, ಬೈಯಲಿಲ್ಲ. ನಿನ್ನ ಮಾತಿಗೆ ಈಗ ಬೆಲೆ ಇದೆ, ಲೆಕ್ಕ ತಪ್ಪಾಯಿತು ಅಂತ ಪ್ರಿನ್ಸಿಪಾಲರಿಗೆ ನೀನೇ ಹೇಳಿದರೆ ಆ ಅಳತೆ ವಾಪಸು ಬಂದೀತು, ಉದ್ದಕ್ಕನೂ ಬಂದಾಳು ಅಂದರು.

ಅಲ್ಲಿಂದ ಸೀದಾ ಉದ್ದಕ್ಕನ ಮನೆಗೆ ಹೋದಳು. ಉದ್ದಕ್ಕ ಗಂಡನಿಗೆ ಗಂಜಿಯ ತಿಳಿ ಕುಡಿಸುತ್ತಿದ್ದಳು. ಹುಡುಗಿ ಅಳುತ್ತ ಎಲ್ಲ ಹೇಳಿದಳು, ಸಂದರ್ಶನದಲ್ಲೂ ಕಾಲೇಜಿನಲ್ಲೂ ತನ್ನ ತಪ್ಪು ಒಪ್ಪಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಳು. ಉದ್ದಕ್ಕ ಅವಳ ಕೆನ್ನೆ ಒರೆಸಿ, ನೀನು ಹೇಳಿದರೆ ಸಾಕು ಮಗಾ, ನಾನು ಕಾಯುತ್ತೇನೆ ಅಂದಳು.

ಮನೆಗೆ ಬಂದು ಅಮ್ಮನ ಹಾಸಿಗೆಯ ಪಕ್ಕ ಕೂತಳು. ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು.

"ಏನಂತ ಹೇಳ್ಲಿ? ಮಿಕ್ಕಿದ್ದು ತಿನ್ನಿಸಿ ಬೆಳೆಸಿದೀನಿ ಅಂತನಾ?"

ಉದ್ದಕ್ಕನಿಗೆ ಕೊಟ್ಟ ಮಾತನ್ನು ಮಗಳು ಹೇಳಿದಳು. ನಿಜ ಹೇಳಿದರೂ ಆ ಹೊರದೇಶದವರು ನಿನ್ನನ್ನು ತಗೋತಾರಾ ಅಂತ ಅಮ್ಮ ಕೇಳಿದಳು. ಗೊತ್ತಿಲ್ಲ ಅಂದಳು ಮಗಳು. ಅಮ್ಮ ಹೇಳು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಸಂದರ್ಶನದ ದಿನ ಮಾವ ಮಧ್ಯಾಹ್ನವೇ ಯಂತ್ರ ನಿಲ್ಲಿಸಿ, ಬಂದ ಗಿರಾಕಿಗಳನ್ನು ಬಾಗಿಲಲ್ಲೇ ಸಾಗಹಾಕಿ, ಹೊರಗೆ ಮೆಟ್ಟಿಲ ಮೇಲೆ ಕಾವಲು ಕೂತ. ಬಣ್ಣಬಣ್ಣದ ಬಟ್ಟೆ ತುಂಡುಗಳನ್ನೆಲ್ಲ ಸರಿಸಿ ಅವಳ ಕುರ್ಚಿಯ ಹಿಂದೆ ಒಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದ. ಅಮ್ಮ ಅರ್ಧ ದಿನ ರಜೆ ಹಾಕಿ ಬಂದು ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಮಗಳು ಹೇಳಬೇಕಾದ್ದನ್ನು ವಾರವಿಡೀ ಕನ್ನಡಿ ಮುಂದೆ ಹೇಳಿ ರೂಢಿಸಿಕೊಂಡಿದ್ದಳು: ಆ ಅನ್ನ ಪಾತ್ರೆ ತೊಳೆಯುವವರ ಮನೆಗೆ ಹೋಗುತ್ತಿತ್ತು, ನನ್ನ ಮನೆಗೂ ಬರುತ್ತಿತ್ತು, ನನ್ನ ಲೆಕ್ಕ ತಪ್ಪು, ನಾನು ಕಲಿತದ್ದು ಇದು.

ಪರದೆಯ ಮೇಲೆ ಮೂವರು. ನಡುವೆ ಕೂತ ಬಿಳಿಗೂದಲಿನ ಹೆಂಗಸು ಬಲು ಒಳ್ಳೆಯವರು, ಅದೇ ಕಷ್ಟವಾಯಿತು. ಹುಡುಗಿಯ ಪ್ರತಿ ಮಾತಿಗೂ ತಲೆದೂಗಿದರು. ಗೋಧಿಯ ಹಡಗುಗಳ ಬಗ್ಗೆ ಕೇಳಿದರು, ಬತ್ತಿದ ನದಿಗಳ ಬಗ್ಗೆ ಕೇಳಿದರು. ಅವಳು ನೀರು ಕುಡಿದ ಹಾಗೆ ಉತ್ತರ ಕೊಟ್ಟಳು. ಯಾರಿಗೂ ನೋವಾಗದೆ ಇಷ್ಟೊಂದು ಉಳಿಸಿದ ಕೆಲಸ ನಾವು ನೋಡಿದ್ದೇ ಕಡಿಮೆ, ನಿನ್ನನ್ನು ಇಲ್ಲಿ ನೋಡಲು ಕಾಯುತ್ತಿದ್ದೇವೆ ಅಂದರು. ಆಮೇಲೆ ಕೇಳಿದರು, ಇದಕ್ಕೆ ಮುಂಚೆ ಆ ಆಹಾರ ಎಲ್ಲಿಗೆ ಹೋಗುತ್ತಿತ್ತು?

ಹುಡುಗಿ ಬಾಯಿ ತೆರೆದಳು. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಯಾರಿಗೂ ನೋವಾಗದೆ ಅಂದವರ ಮುಖ ಎದುರಿಗಿತ್ತು. ಆ ಮುಖ ಸಣ್ಣಗಾಗುವುದನ್ನು, ಪಕ್ಕದವರು ಏನೋ ಗುರುತು ಹಾಕಿಕೊಳ್ಳುವುದನ್ನು, ಪರದೆ ಕಪ್ಪಾಗುವುದನ್ನು ಅವಳು ಆಗಲೇ ಕಂಡುಬಿಟ್ಟಳು. ಹೆದರಿದಳು, ಬೇರೇನಲ್ಲ. ಅವಳನ್ನು ಬೈಯುವುದು ಸುಲಭ. ಆ ಕುರ್ಚಿಯಲ್ಲಿ ಕೂತವಳು ಅವಳು, ನಾವಲ್ಲ.

"ವೇಸ್ಟ್," ಅಂದಳು. ಎಲ್ಲ ವೇಸ್ಟ್ ಆಗುತ್ತಿತ್ತು ಅಂತ ಅವರ ಭಾಷೆಯಲ್ಲಿ ಪೂರ್ತಿ ವಾಕ್ಯ ಮಾಡಿಯೂ ಹೇಳಿದಳು.

ಆ ಭಾಷೆಯಲ್ಲಿ ಅಮ್ಮನಿಗೆ ಗೊತ್ತಿದ್ದ ಪದಗಳು ಬೆರಳೆಣಿಕೆಯಷ್ಟು. ಅದರಲ್ಲಿ ಇದೂ ಒಂದು; ಈಗ ಯಾರಿಗೆ ಗೊತ್ತಿಲ್ಲ? ಬಟ್ಟೆಯನ್ನು ತಮ್ಮ ಅಡ್ಡಾದಿಡ್ಡಿ ಕತ್ತರಿಸಿದರೆ ವೇಸ್ಟ್ ಮಾಡಬೇಡವೋ ಅಂತ ಅವಳೇ ಗದರುತ್ತಿದ್ದಳು. ಹುಡುಗಿ ಕಣ್ಣಂಚಿನಲ್ಲಿ ನೋಡಿದಳು. ಅಮ್ಮ ಕದಲಲಿಲ್ಲ. ಸಂದರ್ಶನ ಇನ್ನೂ ಸ್ವಲ್ಪ ಹೊತ್ತು ನಡೆಯಿತು, ನಗುನಗುತ್ತಲೇ ಮುಗಿಯಿತು. ಬಿಳಿಗೂದಲಿನವರು ಕೈ ಬೀಸಿದರು, ಬೇಗ ತಿಳಿಸುತ್ತೇವೆ ಅಂದರು. ತಿಳಿಸುವುದು ಏನು ಅಂತ ಅವರ ಮುಖವೇ ಹೇಳುತ್ತಿತ್ತು.

ಮಗಳು ಕುರ್ಚಿಯಿಂದ ಏಳಲಿಲ್ಲ, ತಿರುಗಲಿಲ್ಲ. ಅಮ್ಮ ಮೊಣಕಾಲಿಗೆ ಕೈ ಊರಿ ಎದ್ದಳು.

"ಇನ್ನು ಕಾಲೇಜಲ್ಲೂ ಹಾಗೇ ಹೇಳು," ಅಂದಳು. "ಅಲ್ಲೊಂದು ಇಲ್ಲೊಂದು ಹೇಳಿದ್ರೆ ಸಿಕ್ಕಿಹಾಕ್ಕೋತೀಯ. ಸೀಟು ಹೋಗತ್ತೆ."

"ಅಮ್ಮ, ಉದ್ದಕ್ಕ ಕಾಯ್ತಿದಾಳೆ."

"ಗೊತ್ತು. ನೀನು ಹೋಗ್ಬೇಡ, ನಿನ್ ಕೈಲಿ ಆಗಲ್ಲ. ಕಾಯ್ಬೇಡ ಅಂತ ನಾನೇ ಹೇಳಿ ಬರ್ತೀನಿ."

ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲ ಮೇಲಿದ್ದ ಮಾವ ಹೇಗಾಯಿತು ಅಂತ ಕೇಳಿದ್ದು ಒಳಗೂ ಕೇಳಿಸಿತು. ಚೆನ್ನಾಗಾಯಿತು ಅಂತ ಅಮ್ಮ ಹೇಳಿದ್ದೂ ಕೇಳಿಸಿತು. ಆಮೇಲೆ ಅವಳು ಉದ್ದಕ್ಕನ ಮನೆಯ ಕಡೆ ನಡೆದಳು.